ಚಿಂತೆ ಇದೆ ಅಂತ ಎಲ್ಲರೂ ಹೇಳ್ತಾರೆ, ಗ್ರಾಮಸಭೆಯಲ್ಲಿ ಯಾರೂ ಎತ್ತಲ್ಲ. ಯಾಕೆ?

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಪ್ರಾಜೆಕ್ಟಿಗಾಗಿ ಊರಿನ 60 ಮನೆಗಳಲ್ಲಿ ಹವಾಮಾನ ಬದಲಾವಣೆ ಬಗ್ಗೆ ಸರ್ವೆ ಮಾಡಿಸಿದೆ. ‘ಹವಾಮಾನ ಬದಲಾಗುತ್ತಿರುವುದು ನಿಮಗೆ ಚಿಂತೆಯ ವಿಷಯವೇ?’ ಅಂತ ಕೇಳಿದ್ದಕ್ಕೆ 54 ಮನೆಯವರು ಹೌದು ಅಂದರು. ಭಾರತದಲ್ಲಿ ನೂರಕ್ಕೆ ಎಂಬತ್ತು ಜನಕ್ಕೆ ಚಿಂತೆ ಇದೆ ಅಂತ ಪೇಪರಿನಲ್ಲೂ ಓದಿದ್ದೇನೆ. ಆದರೆ ಸರ್ವೆ ಮುಗಿದ ಹದಿನೈದು ದಿನಕ್ಕೆ ಗ್ರಾಮಸಭೆ ಆಯಿತು. ರಸ್ತೆ, ಬೀದಿದೀಪ, ಕಾಡಾನೆ, ಮನೆ ಬಿಲ್ಲು ಎಲ್ಲ ಬಂತು. ಇದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಹಾಗಾದರೆ ಜನ ನಮ್ಮ ಮಕ್ಕಳಿಗೆ ಸುಮ್ನೆ ಹೌದು ಅಂದರಾ? ಕಾಫಿ ತೋಟ ನೋಡಿಕೊಳ್ಳುವ ನಮ್ಮ ಮಾವ, ‘ಮಳೆ ಯಾವತ್ತು ಹೇಳಿ ಕೇಳಿ ಬಂದಿತ್ತು? ನಮ್ಮ ಕಾಲದಲ್ಲೂ ಹೀಗೇ ಇತ್ತು. ಹೊಗೆ ಬಿಟ್ಟವರು ಅಮೆರಿಕದವರು, ಪಾಠ ನಮಗೆ’ ಅಂತಾರೆ. ಡಲ್ಲಾಸಿನಲ್ಲಿರುವ ತಮ್ಮ, ‘ಇಲ್ಲಿ ಅರ್ಧ ಜನ ಇದನ್ನ ನಂಬೋದೇ ಇಲ್ಲ ಅಕ್ಕಾ’ ಅಂತಾನೆ. ಈಗ ಪಿಡಿಒ ಒಂದು ಜಾಗೃತಿ ಕಾರ್ಯಕ್ರಮ ಮಾಡಿಕೊಡಿ ಅಂದಿದ್ದಾರೆ. ಸ್ವಲ್ಪ ಹೆದರಿಕೆ ಹುಟ್ಟಿಸುವ ವಿಡಿಯೊ ತೋರಿಸಿದರೆ ಜನ ಎಚ್ಚೆತ್ತುಕೊಳ್ಳುತ್ತಾರಾ? ಇನ್ನೊಂದು ಮಾತು. ಪಿಯುಸಿ ಓದುವ ಮಗಳು ಇದನ್ನೆಲ್ಲ ಓದಿ ಓದಿ ರಾತ್ರಿ ನಿದ್ದೆ ಬರಲ್ಲ ಅನ್ನುತ್ತಿದ್ದಾಳೆ. ಇದಕ್ಕೇನು ಮಾಡಲಿ?

ಉತ್ತರ: ಮೇಡಂ, ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಮಗಳ ವಿಷಯ ಬಿಟ್ಟರೆ ಉಳಿದಿದ್ದಕ್ಕೆಲ್ಲ ಬುಡ ಒಂದೇ: ಜನ ಚಿಂತೆ ಇದೆ ಅನ್ನುವುದು ನಿಜವೋ, ಬರೀ ಬಾಯಿಮಾತೋ? ಅಭಿಪ್ರಾಯ ಸಮೀಕ್ಷೆ ನನ್ನ ಹೊಟ್ಟೆಪಾಡು. ಹಳ್ಳಿ ಹಳ್ಳಿ ತಿರುಗಿ ಜನರನ್ನು ಮಾತಾಡಿಸುವುದೇ ಕೆಲಸ. ನನ್ನ ಅನುಭವದಲ್ಲಿ ಆ ಚಿಂತೆ ನಿಜ. ಆದರೆ ಅದನ್ನು ಯಾರ ಮುಂದೆ ಹೇಳಬೇಕು, ಹೇಳಿ ಏನು ಕೇಳಬೇಕು ಅನ್ನುವುದು ಜನಕ್ಕೆ ಗೊತ್ತಿಲ್ಲ. ಪಕ್ಕದ ಮನೆಯವರಿಗೂ ಅದೇ ಚಿಂತೆ ಇದೆ ಅನ್ನುವುದಂತೂ ಗೊತ್ತೇ ಇಲ್ಲ.

ಮೊದಲು ಪೇಪರಿನ ಅಂಕಿ ನೋಡೋಣ. ನೀವು ಓದಿದ್ದು ಬಹುಶಃ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನಮ್ಮ ಸಿವೋಟರ್ ಸಂಸ್ಥೆ ಜೊತೆ ಸೇರಿ ಮಾಡಿದ ಸರ್ವೆ. 2021ರ ಅಕ್ಟೋಬರಿನಿಂದ 2022ರ ಜನವರಿವರೆಗೆ ದೇಶದ 4,619 ಜನರನ್ನು ಮೊಬೈಲಿನಲ್ಲಿ ಮಾತಾಡಿಸಿದ್ದರು. ಶೇ 81 ಜನ ಚಿಂತೆ ಇದೆ ಅಂದರು. ಶೇ 50 ಜನ ‘ತುಂಬಾ ಚಿಂತೆ’ ಅಂದರು. ಇದರ ಪರಿಣಾಮವನ್ನು ನಾವೇ ಅನುಭವಿಸಿದ್ದೇವೆ ಅಂದವರು ಶೇ 74. ಯೇಲ್‌ನವರು 2011ರಲ್ಲೂ ಇಂಥದ್ದೇ ಸರ್ವೆ ಮಾಡಿದ್ದರು. ಆಗ ಚಿಂತೆ ಇದೆ ಅಂದವರು ಶೇ 61, ಅನುಭವಿಸಿದ್ದೇವೆ ಅಂದವರು ಶೇ 50. ಹತ್ತು ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ.

140 ಕೋಟಿ ಜನರಲ್ಲಿ ನಾಲ್ಕೂವರೆ ಸಾವಿರ ಜನರನ್ನು ಕೇಳಿದರೆ ಏನು ಗೊತ್ತಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಅಲ್ವಾ? ಆದರೆ ಪಾತ್ರೆಯ ತಳ, ನಡು, ಮೇಲು ಎಲ್ಲ ಒಂದೇ ಹದದಲ್ಲಿ ಬೆಂದಿದ್ದರೆ ಮಾತ್ರ. ನಮ್ಮ ಕಸುಬಿನ ತಲೆನೋವೇ ಅದು. ಎಷ್ಟು ಜನರನ್ನು ಕೇಳಿದೆವು ಅನ್ನುವುದಕ್ಕಿಂತ ಯಾರು ಕೈಗೆ ಸಿಕ್ಕರು ಅನ್ನುವುದು ಮುಖ್ಯ. ಫೋನ್ ಸರ್ವೆಗೆ ಫೋನ್ ಇದ್ದವರಷ್ಟೇ ಸಿಗುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ವಂತಕ್ಕೆ ಬಳಸಲು ಮೊಬೈಲ್ ಇದ್ದ ಮಹಿಳೆಯರು ನೂರಕ್ಕೆ 54 ಮಾತ್ರ. ಬಾವಿಯಲ್ಲಿ ನೀರು ಕೆಳಗಿಳಿದರೆ ಮೊದಲು ಗೊತ್ತಾಗುವುದೇ ಕೊಡ ಹೊರುವ ಹೆಂಗಸರಿಗೆ. ಅವರ ದನಿ ಇಂಥ ಸರ್ವೆಯಲ್ಲಿ ಕಡಿಮೆ ಕೇಳುತ್ತದೆ. ತಜ್ಞರು ಲೆಕ್ಕದಲ್ಲಿ ಇದನ್ನು ಸರಿದೂಗಿಸುತ್ತಾರೆ, ಆದರೆ ಪೂರ್ತಿ ಸರಿಹೋಗಲ್ಲ.

ಇನ್ನು ಉತ್ತರ ಎಷ್ಟು ಗಟ್ಟಿ? 2011ರ ಆ ಸರ್ವೆಯಲ್ಲಿ ಜಾಗತಿಕ ತಾಪಮಾನ ಏರಿಕೆ ಬಗ್ಗೆ ಎಷ್ಟು ಗೊತ್ತು ಅಂತ ಮೊದಲು ಕೇಳಿದರು. ಶೇ 41 ಜನ ಕೇಳಿಯೇ ಇಲ್ಲ ಅಥವಾ ಗೊತ್ತಿಲ್ಲ ಅಂದರು. ಚೆನ್ನಾಗಿ ಗೊತ್ತು ಅಂದವರು ಶೇ 7 ಮಾತ್ರ. ಆಮೇಲೆ ಎರಡು ಸಾಲಿನಲ್ಲಿ ವಿಷಯ ಹೇಳಿ, ಇದು ಆಗುತ್ತಿದೆಯಾ ಅಂತ ಕೇಳಿದಾಗ ಶೇ 72 ಜನ ಆಗುತ್ತಿದೆ ಅಂದರು. ಈಗಷ್ಟೇ ಕೇಳಿದ್ದಕ್ಕೆ ತಲೆಯಾಡಿಸಿದ್ದಾರೆ, ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ರಾಯಚೂರು ಕಡೆ ಒಂದು ಮನೆಯಲ್ಲಿ ನಮ್ಮ ಹುಡುಗಿ ಟ್ಯಾಬ್ ಹಿಡಿದು ಕೂತು ಇದೇ ಪ್ರಶ್ನೆ ಓದಿದಳು. ಮನೆಯಾಕೆ, ‘ಅದೆಲ್ಲ ನಮಗೇನ್ ತಿಳಿತೈತಿ, ಅವರನ್ನ ಕೇಳ್ರಿ’ ಅಂತ ಗಂಡನ ಕಡೆ ಕೈ ತೋರಿಸಿದರು. ಟ್ಯಾಬಿನಲ್ಲಿ ‘ಗೊತ್ತಿಲ್ಲ’ ಅಂತ ದಾಖಲಾಯಿತು. ಎದ್ದು ಹೊರಡುವಾಗ ಹುಡುಗಿ ಸುಮ್ನೆ ಮಾತಿಗೆ, ಈ ಸಲ ತೊಗರಿ ಯಾವಾಗ ಬಿತ್ತಿದಿರಿ ಅಂದಳು. ಅಷ್ಟು ಸಾಕಾಯಿತು. ‘ಮೊದಲೆಲ್ಲ ಮಿರಗ ಮಳಿಗೆ ಬಿತ್ತತಿದ್ವಿ. ಈಗ ಮಿರಗ ಬರ್ತೈತಿ ಅನ್ನೋ ಖಾತ್ರಿ ಇಲ್ರಿ. ಬಿತ್ತಿದ್ದು ಒಣಗಿ ಹೋತು, ಮತ್ತ ಬೀಜ ತಂದ್ವಿ, ಅದಕ್ಕೂ ಸಾಲ.’ ಚಹಾ ಬಂತು, ಚಹಾ ಮುಗಿಯಿತು, ಆಕೆಯ ಮಾತು ಮುಗಿಯಲಿಲ್ಲ. ಟ್ಯಾಬಿನ ಲೆಕ್ಕದಲ್ಲಿ ಮಾತ್ರ ಆಕೆ ಏನೂ ಗೊತ್ತಿಲ್ಲದ ಹೆಣ್ಣುಮಗಳು. ಇಂಥವರು ನಮ್ಮ ಪಟ್ಟಿಗಳಲ್ಲಿ ಬಹಳ ಇದ್ದಾರೆ.

ಇದರ ಉಲ್ಟಾ ಕೂಡ ಆಗುತ್ತದೆ. ನಿಮ್ಮ ಸರ್ವೆಗೆ ಬಂದವರು ಅಕ್ಕಪಕ್ಕದ ಮನೆ ಮಕ್ಕಳು, ಕೈಯಲ್ಲಿ ಟೀಚರ್ ಕೊಟ್ಟ ಹಾಳೆ. ಮಳೆ ಬಗ್ಗೆ ಚಿಂತೆ ಇಲ್ಲ ಅಂತ ಆ ಮಕ್ಕಳ ಮುಖ ನೋಡಿ ಯಾರು ಹೇಳುತ್ತಾರೆ? ಹೌದು ಅಂದರೆ ಖರ್ಚಿಲ್ಲ. ಯಾವ ತಿಂಗಳಲ್ಲಿ ಕೇಳಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸೆಕೆ ಜಾಸ್ತಿ ಇದ್ದ ದಿನ ಕೇಳಿದರೆ ತಾಪಮಾನ ಏರಿಕೆಯನ್ನು ನಂಬುವವರೂ ಜಾಸ್ತಿ ಆಗುತ್ತಾರೆ ಅಂತ 2011ರ ಒಂದು ಅಧ್ಯಯನ ತೋರಿಸಿದೆ. ಆದ್ದರಿಂದ 54ರಲ್ಲಿ ಸ್ವಲ್ಪ ಕಳೆದೇ ನೋಡಿ. ಮುಂದಿನ ಸಲ ‘ಚಿಂತೆ ಇದೆಯೇ’ ಅಂತ ಕೇಳಿಸಬೇಡಿ. ‘ಕಳೆದ ಐದು ವರ್ಷದಲ್ಲಿ ತೋಟದ ಕೆಲಸ ಯಾವುದಾದರೂ ಹಿಂದೆ ಮುಂದೆ ಮಾಡಬೇಕಾಯಿತಾ? ಯಾವುದು? ಎಷ್ಟು ಖರ್ಚು ಬಂತು?’ ಅಂತ ಕೇಳಿಸಿ. ಇದಕ್ಕೆ ದಾಕ್ಷಿಣ್ಯದ ಉತ್ತರ ಕೊಡುವುದು ಕಷ್ಟ.

ಈಗ ಗ್ರಾಮಸಭೆಗೆ ಬರೋಣ. ಚಿಂತೆ ಇದೆ ಅನ್ನುವುದು ಒಂದು, ಅದು ಎಷ್ಟನೇ ಚಿಂತೆ ಅನ್ನುವುದು ಇನ್ನೊಂದು. 2024ರ ಲೋಕಸಭಾ ಚುನಾವಣೆಗೆ ಮುಂಚೆ ಲೋಕನೀತಿ–ಸಿಎಸ್‌ಡಿಎಸ್ ಸಂಸ್ಥೆ ನಿಮಗೆ ಅತಿ ಮುಖ್ಯ ವಿಷಯ ಯಾವುದು ಅಂತ ಮತದಾರರನ್ನು ಕೇಳಿತ್ತು. ಶೇ 27 ಜನ ನಿರುದ್ಯೋಗ ಅಂದರು, ಶೇ 23 ಜನ ಬೆಲೆ ಏರಿಕೆ ಅಂದರು. ಹವಾಮಾನದ ಸುದ್ದಿಯೇ ಇಲ್ಲ. ಇದನ್ನು ನೋಡಿ, ‘ನೋಡಿ, ಜನಕ್ಕೆ ಕಾಳಜಿ ಇಲ್ಲ’ ಅಂತ ಟಿ.ವಿ.ಯಲ್ಲಿ ಹೇಳುವವರಿದ್ದಾರೆ. ನನಗೆ ಅದು ಅರೆಬೆಂದ ಮಾತು ಅನ್ನಿಸುತ್ತದೆ.

ಆ ಚುನಾವಣೆಯಲ್ಲಿ ನಮ್ಮ ರಾಜ್ಯದ ಸ್ಥಿತಿ ನೆನಪಿಸಿಕೊಳ್ಳಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಬರ ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಏಪ್ರಿಲ್ ಕೊನೆಯಲ್ಲಿ, ಇಲ್ಲಿನ ಎರಡು ಹಂತದ ಮತದಾನದ ನಡುವೆ, ಕೇಂದ್ರ 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಪ್ರಚಾರ ಭಾಷಣದಲ್ಲೆಲ್ಲ ಅದೇ ಮಾತು. ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿನ ಹಿಂದೆ ಜನ ಓಡುತ್ತಿದ್ದರು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಅದಕ್ಕೆ ಬಿಸಿಲು, ಮಳೆ, ರೋಗ ಎಲ್ಲ ಸೇರಿತ್ತು. ಮತದಾರ ‘ಬೆಲೆ ಏರಿಕೆ’ ಅಂದಾಗ ಅದರೊಳಗೆ ಮಳೆಯೂ ಇತ್ತು. ನಮ್ಮ ಫಾರಮಿನಲ್ಲಿ ಅದು ಬೆಲೆಯ ಖಾನೆಗೆ ಹೋಯಿತು, ಅಷ್ಟೆ.

ನಿಮ್ಮ ಗ್ರಾಮಸಭೆಯಲ್ಲೂ ಹೀಗೇ ಆಗಿರಬಹುದು. ರಸ್ತೆ ಬೇಕು ಅಂತ ಎದ್ದು ನಿಂತವರನ್ನು, ಆ ರಸ್ತೆ ಕಿತ್ತುಹೋಗಿದ್ದು ಯಾವಾಗ ಅಂತ ಕೇಳಿ ನೋಡಿ. ಯಾವುದೋ ಆಗಸ್ಟಿನ ಮಳೆಗೆ ಮೋರಿ ಕಟ್ಟಿಕೊಂಡು ನೀರು ರಸ್ತೆ ಮೇಲೆ ಹರಿದಿದ್ದರೆ, ಅವರು ನಿಮ್ಮ ವಿಷಯವನ್ನೇ ಎತ್ತಿದ್ದಾರೆ. ಹಾಗಂತ ಎಲ್ಲದಕ್ಕೂ ಹವಾಮಾನವನ್ನೇ ಹೊಣೆ ಮಾಡಬೇಡಿ. ಕಾಡಾನೆ ಸಮಸ್ಯೆಗೆ ಬೇರೆಯದೇ ಚರಿತ್ರೆ ಇದೆ. ಕಳಪೆ ಕಾಮಗಾರಿಗೆ ಮಳೆಯ ಹೆಸರು ಹೇಳಿ ಜಾರಿಕೊಳ್ಳುವವರೂ ಇದ್ದಾರೆ. ಗ್ರಾಮಸಭೆಗೆ ಜನ ಬರುವುದು ಪಂಚಾಯ್ತಿ ಕೈಯಲ್ಲಿ ಆಗುವುದನ್ನು ಕೇಳೋಕೆ. ‘ಮಳೆಗಾಲ ಸರಿ ಮಾಡಿಕೊಡಿ’ ಅಂತ ಪಿಡಿಒ ಹತ್ತಿರ ಕೇಳೋಕಾಗುತ್ತಾ?

ಸಭೆಯಲ್ಲಿ ಜನ ಸುಮ್ಮನಿರೋಕೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. 2024ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಜರ್ಮನಿ, ಡೆನ್ಮಾರ್ಕ್ ಕಡೆಯ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ಬಂತು. 125 ದೇಶ, ಸುಮಾರು 1.3 ಲಕ್ಷ ಜನ. ತಾಪಮಾನ ಏರಿಕೆ ತಡೆಯಲು ನಿಮ್ಮ ತಿಂಗಳ ಆದಾಯದಲ್ಲಿ ನೂರಕ್ಕೊಂದು ಭಾಗ ಕೊಡುತ್ತೀರಾ ಅಂತ ಕೇಳಿದರು. ಶೇ 69 ಜನ ಕೊಡುತ್ತೇವೆ ಅಂದರು. ನಿಮ್ಮ ದೇಶದಲ್ಲಿ ಉಳಿದವರು ಎಷ್ಟು ಜನ ಕೊಡಬಹುದು ಅಂತ ಕೇಳಿದಾಗ ಬಂದ ಅಂದಾಜು ಶೇ 43. ನಾನು ಸಿದ್ಧ, ಊರವರು ಸಿದ್ಧರಿಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದಾರೆ. ಬಾಯಿಮಾತಿಗೂ ಜೇಬಿಗೂ ದೂರ ಇದೆ, ಒಪ್ಪೋಣ. ಆದರೆ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನಿಮ್ಮ ಊರಿಗೆ ಇದನ್ನು ಹೊಂದಿಸಿದರೆ, ಆ 54 ಮನೆಗಳಲ್ಲಿ ಬಹುಪಾಲು ಮನೆಯವರಿಗೆ ಚಿಂತೆ ಇದೆ. ಆದರೆ ಸಭೆಯಲ್ಲಿ ಎದ್ದು ಹೇಳಿದರೆ ಜನ ನಕ್ಕಾರು ಅಂತ ಪ್ರತಿ ಮನೆಯವರೂ ಸುಮ್ಮನಿದ್ದಾರೆ. ಒಬ್ಬರು ಮಾತಾಡದ್ದನ್ನು ನೋಡಿ ಇನ್ನೊಬ್ಬರು, ಇವರಿಗೆ ಚಿಂತೆ ಇಲ್ಲ ಅಂತ ತೀರ್ಮಾನ ಮಾಡುತ್ತಾರೆ. ನಾಚಿಕೆಯ ವಿಷಯಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಹೀಗಾಗುವುದು ಗೊತ್ತೇ ಇದೆ. ಮಳೆಯ ವಿಷಯದಲ್ಲೂ ಆಗುತ್ತದೆ ಅನ್ನುವುದು ನನಗೂ ಹೊಸದಾಗಿತ್ತು.

ನಿಮ್ಮ ತಮ್ಮನ ಮಾತಿಗೂ ಇದೇ ಉತ್ತರ. ಅಮೆರಿಕದಲ್ಲಿ ಅರ್ಧ ಜನ ನಂಬಲ್ಲ ಅನ್ನುವುದು ಸುಳ್ಳು. ಯೇಲ್‌ನವರ ಸರ್ವೆಗಳಲ್ಲಿ ಅಲ್ಲಿನ ನೂರಕ್ಕೆ ಎಪ್ಪತ್ತರಷ್ಟು ಜನ ಭೂಮಿ ಬಿಸಿಯಾಗುತ್ತಿದೆ ಅನ್ನುತ್ತಾರೆ. ಖಡಾಖಂಡಿತವಾಗಿ ಅಲ್ಲಗಳೆಯುವವರು ಹತ್ತರಲ್ಲಿ ಒಬ್ಬರ ಆಸುಪಾಸು. ಆ ಒಬ್ಬರ ದನಿ ದೊಡ್ಡದು. 2022ರ ಒಂದು ಅಧ್ಯಯನದ ಪ್ರಕಾರ ಹವಾಮಾನ ಕ್ರಮಗಳನ್ನು ಬೆಂಬಲಿಸುವ ಅಮೆರಿಕನ್ನರು ಶೇ 66ರಿಂದ 80. ಆದರೆ ಅಮೆರಿಕನ್ನರೇ ಹಾಕಿದ ಅಂದಾಜು ಶೇ 37ರಿಂದ 43. ನಿಮ್ಮ ತಮ್ಮ ಅಲ್ಲಿ ಕಿವಿಗೆ ಬಿದ್ದದ್ದನ್ನೇ ಹೇಳಿದ್ದಾರೆ. ಆ ದೇಶವೂ ಮೊದಲಿಂದ ಹೀಗಿರಲಿಲ್ಲ. 1988ರ ಜೂನಿನಲ್ಲಿ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿ ಮುಂದೆ ಭೂಮಿ ಬಿಸಿಯಾಗುತ್ತಿದೆ ಅಂದಾಗ ಅದು ಪಕ್ಷಗಳ ಜಗಳ ಆಗಿರಲಿಲ್ಲ. ಆ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಕೂಡ ಇದನ್ನು ಎದುರಿಸುತ್ತೇನೆ ಅಂತ ಭಾಷಣ ಮಾಡಿದ್ದರು. ತೈಲ, ಕಲ್ಲಿದ್ದಲು ಕಂಪನಿಗಳ ದುಡ್ಡಿನಲ್ಲಿ ಅನುಮಾನ ಬಿತ್ತುವ ಕೆಲಸ ವರ್ಷಗಟ್ಟಲೆ ನಡೆದ ಮೇಲೆ ಪಕ್ಷ ನೋಡಿ ನಂಬುವ ಪರಿಸ್ಥಿತಿ ಬಂತು.

ಇದು ನಿಮಗೆ ಯಾಕೆ ಮುಖ್ಯ ಅಂದರೆ, ಯೇಲ್‌ನವರು ಅಮೆರಿಕದ ಜನರನ್ನು ಆರು ಗುಂಪು ಮಾಡುತ್ತಾರೆ. ತೀರಾ ಗಾಬರಿ ಆದವರಿಂದ ಹಿಡಿದು ಪೂರ್ತಿ ತಳ್ಳಿಹಾಕುವವರವರೆಗೆ. ಭಾರತದ 2022ರ ಉತ್ತರಗಳಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕೇ ಗುಂಪು. ಗಾಬರಿ ಆದವರು ಶೇ 54, ಕಾಳಜಿ ಇರುವವರು ಶೇ 20, ಇನ್ನೂ ಯೋಚಿಸುತ್ತಿರುವವರು ಶೇ 11, ತಲೆ ಕೆಡಿಸಿಕೊಳ್ಳದವರು ಶೇ 7. ಅನುಮಾನಿಸುವವರು, ತಳ್ಳಿಹಾಕುವವರು ಅನ್ನುವ ಎರಡು ಗುಂಪು ಮಾಡುವಷ್ಟು ಜನ ಇಲ್ಲಿ ಸಿಗಲೇ ಇಲ್ಲ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಸಿಗುವ ‘ನಂಬದವರನ್ನು ಒಪ್ಪಿಸುವುದು ಹೇಗೆ’ ಥರದ ಸಾಮಗ್ರಿ ನಮ್ಮ ಊರಿಗೆ ಕೆಲಸಕ್ಕೆ ಬರಲ್ಲ. ನಮ್ಮಲ್ಲಿ ಗೊಂದಲ ಇರುವುದು ಕಾರಣದ ಬಗ್ಗೆ. ಮನುಷ್ಯರಿಂದಲೇ ಹೆಚ್ಚಾಗಿ ಇದು ಆಗುತ್ತಿದೆ ಅಂದವರು ಶೇ 57. ಪ್ರಕೃತಿಯ ಏರುಪೇರು ಅಂದವರು ಶೇ 31. ಇದರ ಜೊತೆಗೆ ಪ್ಲಾಸ್ಟಿಕ್, ಓಜೋನ್ ತೂತು, ಕಾಡು ಕಡಿಯುವುದು ಎಲ್ಲವನ್ನೂ ಜನ ಒಂದೇ ಗಂಟು ಕಟ್ಟಿಬಿಟ್ಟಿದ್ದಾರೆ. ಕಾಡು ಕಡಿಯುವುದಕ್ಕೆ ನಿಜವಾದ ಸಂಬಂಧ ಇದೆ. ಆದರೆ ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು, ಗ್ಯಾಸು ಸುಡುವುದು.

ಹಾಗಾದರೆ ನಿಮ್ಮ ಮಾವ ಯಾವ ಗುಂಪು? ಅವರನ್ನು ನಂಬದವರ ಸಾಲಿಗೆ ಸೇರಿಸಬೇಡಿ. ಅವರ ಎರಡನೇ ಮಾತು ಅಪ್ಪಟ ಸತ್ಯ. ತಲಾ ಲೆಕ್ಕದಲ್ಲಿ ಅಮೆರಿಕದವರೊಬ್ಬರು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ನಾವು ಸುಮಾರು 2 ಟನ್. ಮಾವ ಸಿಟ್ಟಾಗುವುದರಲ್ಲಿ ತಪ್ಪೇನಿಲ್ಲ. ಆ ಸಿಟ್ಟು ಇಟ್ಟುಕೊಂಡೇ, ಬೇರೆ ದೇಶಗಳಿಗೆ ಕಾಯದೆ ಭಾರತ ತನ್ನ ಹೊಗೆ ಕಡಿಮೆ ಮಾಡಬೇಕು ಅಂದ ಭಾರತೀಯರು ಅದೇ ಸರ್ವೆಯಲ್ಲಿ ಶೇ 55 ಇದ್ದಾರೆ.

‘ನಮ್ಮ ಕಾಲದಲ್ಲೂ ಹೀಗೇ ಇತ್ತು’ ಅನ್ನುವುದು ನೆನಪಿನ ವಿಷಯ. ಅಮೆರಿಕದ 200 ಕೋಟಿಗೂ ಹೆಚ್ಚು ಟ್ವೀಟುಗಳನ್ನು ಜಾಲಾಡಿದ ಒಂದು ಅಧ್ಯಯನ 2019ರಲ್ಲಿ ಬಂತು. ವಿಪರೀತ ಅನ್ನಿಸುವ ಚಳಿ, ಸೆಕೆ ಕೆಲವೇ ವರ್ಷ ಮರುಕಳಿಸಿದರೆ ಸಾಕು, ಜನ ಅದರ ಬಗ್ಗೆ ಮಾತಾಡುವುದನ್ನೇ ಬಿಡುತ್ತಾರೆ. ಮಾಮೂಲು ಹವೆ ಅಂದರೆ ನಮ್ಮ ತಲೆಯಲ್ಲಿ ಇರುವುದು ಎರಡರಿಂದ ಎಂಟು ವರ್ಷ ಹಿಂದಿನ ಹವೆ ಅಂತ ಆ ಸಂಶೋಧಕರು ಲೆಕ್ಕ ಹಾಕಿದರು. ನಲವತ್ತು ವರ್ಷದ ಹಿಂದಿನ ಆರಿದ್ರಾ ಮಳೆ ಹೇಗಿತ್ತು ಅಂತ ಯಾರ ತಲೆಯಲ್ಲೂ ನೆಟ್ಟಗೆ ಉಳಿದಿರಲ್ಲ.

ಆದರೆ ಕಾಫಿ ತೋಟದವರ ಹತ್ತಿರ ನೆನಪಿಗಿಂತ ಒಳ್ಳೆಯದೊಂದು ಇರುತ್ತದೆ. ಮಳೆ ಪುಸ್ತಕ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಗ್ಗೆ ಎದ್ದು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ಸು ಅಂತ ಬರೆದಿಡುವ ರೂಢಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಇದೆ. ನಿಮ್ಮ ಮನೆಯಲ್ಲೂ ಇದ್ದರೆ ಮಾವನ ಜೊತೆ ವಾದಕ್ಕೆ ಹೋಗಬೇಡಿ, ಪುಸ್ತಕ ತೆಗೆಸಿ. ವರ್ಷದ ಒಟ್ಟು ಇಂಚು ನೋಡಿದರೆ ಬಹುಶಃ ಏನೂ ಗೊತ್ತಾಗಲ್ಲ, ಅವರೇ ಗೆಲ್ಲುತ್ತಾರೆ. ಬೇರೆ ನಾಲ್ಕು ವಿಷಯ ಹುಡುಕಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ತಾರೀಕು ಯಾವುದು? ಅದರ ಹಿಂದೆಯೇ, ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ? ಜೂನ್ ಜುಲೈನಲ್ಲಿ ಮಳೆ ಇಲ್ಲದೆ ಸತತವಾಗಿ ಕಳೆದ ದಿನ ಎಷ್ಟು? ಒಂದೇ ದಿನಕ್ಕೆ ನಾಲ್ಕು ಇಂಚಿಗಿಂತ ಜಾಸ್ತಿ ಹೊಡೆದದ್ದು ಎಷ್ಟು ಸಲ? ಹಣ್ಣು ಕೊಯ್ದು ಕಣದಲ್ಲಿ ಹರವಿದ್ದಾಗ ಬಂದ ಮಳೆಯನ್ನೂ ಗುರುತು ಮಾಡಿಕೊಳ್ಳಿ. ಹತ್ತು ಹತ್ತು ವರ್ಷದ ಕಂತು ಮಾಡಿ ಹೋಲಿಸಿ. ಒಂದು ಎಚ್ಚರಿಕೆ: ಒಂದೇ ತೋಟದ ಲೆಕ್ಕದಲ್ಲಿ ಸ್ಪಷ್ಟ ಬದಲಾವಣೆ ಕಾಣದೆಯೂ ಹೋಗಬಹುದು. ಕಾಣದಿದ್ದರೆ ಇಲ್ಲ ಅಂತಲೇ ಮಕ್ಕಳಿಗೆ ಹೇಳಿ. ದೇಶದ ಸರಾಸರಿ ತಾಪಮಾನ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ ಅಂತ ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿದೆ. ಅದು ದೇಶದ ಲೆಕ್ಕ. ಅದನ್ನು ಹಿಡಿದು ಮಾವನ ಅಂಗಳದಲ್ಲಿ ಜಗಳ ಆಡಬಾರದು.

ಪಿಡಿಒ ಕೇಳಿದ ಕಾರ್ಯಕ್ರಮಕ್ಕೆ ಬರೋಣ. ಹೆದರಿಸುವ ವಿಡಿಯೊ ಬೇಡ ಅಂತಲೇ ನನ್ನ ಸಲಹೆ. 63 ದೇಶಗಳ 59 ಸಾವಿರಕ್ಕೂ ಹೆಚ್ಚು ಜನರ ಮೇಲೆ ಹನ್ನೊಂದು ಬಗೆಯ ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದರಿಕೆ, ಸಂಕಟ ಹುಟ್ಟಿಸುವ ಮಾಹಿತಿ ಕೊಟ್ಟಾಗ ಅದನ್ನು ಶೇರ್ ಮಾಡಲು ಒಪ್ಪುವವರು ಶೇ 12ರಷ್ಟು ಹೆಚ್ಚಿದರು. ಆದರೆ ಬೇಜಾರಿನ ಕೆಲಸವೊಂದನ್ನು ಕೂತು ಮಾಡಿದರೆ ಮರ ನೆಡಿಸುತ್ತೇವೆ ಅಂದಾಗ, ಹನ್ನೊಂದರಲ್ಲಿ ಯಾವುದೂ ಜನರನ್ನು ಹೆಚ್ಚು ದುಡಿಸಲಿಲ್ಲ. ಕೆಲವು ಉಪಾಯಗಳಿಂದ ದುಡಿಮೆ ಕಡಿಮೆಯೇ ಆಯಿತು. ವಿಡಿಯೊ ಹಾಕಿದರೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಾರ ಓಡಾಡೀತು, ಅಲ್ಲಿಗೆ ಮುಗಿಯಿತು. ಅದಲ್ಲದೆ ನಿಮ್ಮದು 2019ರ ಆಗಸ್ಟ್ ಕಂಡ ಜಿಲ್ಲೆ. ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆ ತೋಟ ಕಳೆದುಕೊಂಡವರ ನೆಂಟರು ಸಭೆಯಲ್ಲಿ ಕೂತಿರುತ್ತಾರೆ. ಅವರಿಗೆ ತೋರಿಸೋಕೆ ನಮ್ಮ ಹತ್ತಿರ ಏನಿದೆ?

ಗಿಡ ನೆಟ್ಟು ಪ್ರತಿಜ್ಞೆ ಮಾಡಿಸುವುದು ಎಲ್ಲರಿಗೂ ಸಲೀಸು. ಜೂನ್ 5ಕ್ಕೆ ಫೋಟೊ ಬರುತ್ತದೆ. ಬೇಡ ಅನ್ನಲ್ಲ. ಆದರೆ ಅದರಲ್ಲಿ ಒಂದು ಅಪಾಯ ಇದೆ. ಗಿಡ ನೆಟ್ಟೆವಲ್ಲ, ನಮ್ಮ ಪಾಲಿನದು ಆಯಿತು ಅಂತ ಚಿಂತೆ ಅಲ್ಲಿಗೇ ಇಳಿದುಬಿಡುತ್ತದೆ. ಸುತ್ತ ಕಾಡು, ತೋಟದ ನೆರಳುಮರ ಇಟ್ಟುಕೊಂಡಿರುವ ಊರಿನವರಿಗೇ ತಪ್ಪು ನಿಮ್ಮದು ಅಂದ ಹಾಗೂ ಆಗುತ್ತದೆ. ಬರೀ ಭಾಷಣ, ಗ್ರಾಫು ಹಾಕಿದರೆ ಕೆಡುಕಿಲ್ಲ, ಲಾಭವೂ ಅಷ್ಟಕ್ಕಷ್ಟೆ. ಆದರೂ ಕಾರಣದ ಗೊಂದಲ ಬಿಡಿಸಲು ಹತ್ತು ನಿಮಿಷ ಇಡಿ. ಅದನ್ನು ನಿಮಗಿಂತ ಚೆನ್ನಾಗಿ ಹೇಳುವವರು ಊರಿನಲ್ಲಿ ಇನ್ಯಾರು?

ನಾನಾಗಿದ್ದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ. ಮಕ್ಕಳ ಸರ್ವೆಯನ್ನೇ ಸಭೆಯ ಮುಂದೆ ಇಡಿ. ಒಂದೇ ದೊಡ್ಡ ಹಾಳೆ. ‘ನಮ್ಮ ಊರಿನ 60 ಮನೆಯಲ್ಲಿ 54 ಮನೆಯವರು ಚಿಂತೆ ಇದೆ ಅಂದರು.’ ಯಾರ ಹೆಸರೂ ಬೇಡ. ಪಕ್ಕದ ಮನೆಯವರಿಗೂ ಇದೇ ಯೋಚನೆ ಅಂತ ಎಲ್ಲರೂ ಒಟ್ಟಿಗೆ ಕೂತು ನೋಡಲಿ. ಮಳೆ ಪುಸ್ತಕದ ಲೆಕ್ಕ ಸಿಕ್ಕಿದ್ದರೆ ಅದನ್ನು ಮಾವನ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಅದು ಪಾಠ, ಅವರು ಹೇಳಿದರೆ ಮಾತುಕತೆ.

ಆಮೇಲೆ ಪಂಚಾಯ್ತಿಯ ಕೈಯಲ್ಲಿ ಆಗುವಂಥ ಒಂದೇ ಒಂದು ಕೆಲಸ ಕೇಳಲಿ. ಮಳೆಮಾಪಕದಿಂದ ಶುರು ಮಾಡಬಹುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಹಾಕಿದ್ದಾರೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಗೆ ಇಂಥ ಮಾಪಕದ ಅಂಕಿಯೇ ಆಧಾರ. ನಮ್ಮ ಪಂಚಾಯ್ತಿಯದ್ದು ಎಲ್ಲಿದೆ, ಸರಿಯಾಗಿ ಓಡುತ್ತಿದೆಯಾ, ಅದರ ಅಂಕಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬಹುದಾ ಅಂತ ಕೇಳಲಿ. ವಿಮೆ ದುಡ್ಡಿನ ಮಾತು ಬಂದರೆ ಇಡೀ ಸಭೆ ಕಿವಿ ನಿಮಿರಿಸುತ್ತದೆ, ಅನುಮಾನವೇ ಬೇಡ. ಇಲ್ಲವೇ ಪ್ರತಿ ಸಲ ಕಟ್ಟಿಕೊಳ್ಳುವ ಆ ಮೋರಿಯನ್ನು ಅಗಲ ಮಾಡುವ ಕೆಲಸವನ್ನು ಕ್ರಿಯಾಯೋಜನೆಗೆ ಸೇರಿಸಲಿ.

ಇದರಲ್ಲೂ ತೊಡಕಿದೆ. ಮೋರಿ ಅಂದರೆ ಅದನ್ನು ಕಟ್ಟಿದವರು ಯಾರು ಅಂತ ಬರುತ್ತದೆ, ಅವರು ಯಾರದೋ ನೆಂಟರು. ನಿಮಗೆ ಸಂಬಳ ಕೊಡುವುದು ಸರ್ಕಾರವಾಗಿದ್ದರೆ, ಬೇಡಿಕೆ ಇಡುವವರ ಮುಂದಾಳಾಗಬೇಡಿ. ಮಕ್ಕಳು ಅಂಕಿ ಓದಲಿ, ಕೇಳುವುದನ್ನು ಊರವರು ಕೇಳಲಿ. ದೊಡ್ಡ ಬೇಡಿಕೆ ಇಟ್ಟು ಏನೂ ಆಗದಿದ್ದರೆ, ಹೇಳಿ ಏನು ಪ್ರಯೋಜನ ಅನ್ನುವ ಬೇಸರ ಮೊದಲಿಗಿಂತ ಜಾಸ್ತಿ ಆಗುತ್ತದೆ. ಅದಕ್ಕೇ ಸಣ್ಣದು ಕೇಳಿ ಅನ್ನುತ್ತಿದ್ದೇನೆ.

ಕೊನೆಗೆ ನಿಮ್ಮ ಮಗಳು. ಇದು ನನ್ನ ಕ್ಷೇತ್ರ ಅಲ್ಲ, ಆದರೆ ನಮ್ಮ ಸರ್ವೆಗಳಲ್ಲಿ ಈ ವಯಸ್ಸಿನವರ ಉತ್ತರ ನೋಡುತ್ತಿರುತ್ತೇನೆ. ಅವಳು ಒಬ್ಬಳೇ ಅಲ್ಲ. 2021ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯೊಂದರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ ಹತ್ತು ಸಾವಿರ ಜನರ ಅಧ್ಯಯನ ಬಂತು. ಶೇ 59 ಜನ ತುಂಬಾ ಅಥವಾ ವಿಪರೀತ ಚಿಂತೆ ಇದೆ ಅಂದರು. ಇದು ತಮ್ಮ ದಿನನಿತ್ಯದ ಬದುಕಿಗೇ ಅಡ್ಡಿಯಾಗುತ್ತಿದೆ ಅಂದವರು ಶೇ 45. ‘ಅಷ್ಟೆಲ್ಲ ತಲೆ ಕೆಡಿಸ್ಕೋಬೇಡ, ಓದ್ಕೋ ಹೋಗು’ ಅನ್ನಬೇಡಿ. ಆ ಅಧ್ಯಯನದಲ್ಲಿ, ಮಾತಾಡಲು ಹೋದಾಗ ಹಿರಿಯರು ತಳ್ಳಿಹಾಕಿದರು ಅಂದವರು ಬಹಳ ಜನ ಇದ್ದರು. ಅವಳು ರಾತ್ರಿ ಮೊಬೈಲಿನಲ್ಲಿ ಏನು ನೋಡುತ್ತಾಳೆ ಅಂತ ಜೊತೆಗೆ ಕೂತು ನೋಡಿ. ಮಳೆ ಪುಸ್ತಕದ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳಿಗೇ ಕೊಡಬಹುದು, ತಾತನ ಜೊತೆ ಕೂತು ಮಾಡಲಿ. ನಿದ್ದೆ, ಊಟ, ಓದು ಎರಡು ಮೂರು ವಾರವಾದರೂ ಹಳಿಗೆ ಬರದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.